ಬುಟ್ಟಿ ಇಳಿಸುವ ದನಿ

ಶಿಲ್ಪಶ್ರೀಯ ಅಂಗಡಿಗೆ ಬರುವವರೆಲ್ಲ ಕೂಗಿ ಬದುಕುವವರು. ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡ ಒಂದೇ ಶಟರಿನ ಅಂಗಡಿ ಅದು. ಈರುಳ್ಳಿ ಗಾಡಿಯವರು, ಹಳೇ ಪೇಪರಿನವರು, ಸೀಬೆಹಣ್ಣಿನವರು ಬರುತ್ತಾರೆ, ಗಿರಣಿಯ ಸದ್ದಿನ ಮೇಲೆ ತಮ್ಮ ಸದ್ದು ಏರಿಸಿ ಮಾತಾಡುತ್ತಾರೆ, ಹೋಗುವಾಗ ಕಂಕುಳಲ್ಲಿ ಒಂದು ಡಬ್ಬ ಇಟ್ಟುಕೊಂಡು ಹೋಗುತ್ತಾರೆ. ಅದು ಕೂಗುವ ಡಬ್ಬ. ಒಳಗೆ ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಬ್ಯಾಟರಿ, ಮುಂದೆ ಒಂದು ಸ್ಪೀಕರ್. ಗಿರಾಕಿಯನ್ನು ಮೈಕಿನ ಮುಂದೆ ನಿಲ್ಲಿಸಿ ಒಮ್ಮೆ ಕೂಗಿಸಿದರೆ ಮುಗಿಯಿತು. ಆಮೇಲೆ ಗುಂಡಿ ಒತ್ತಿದಾಗಲೆಲ್ಲ ಡಬ್ಬವೇ ಕೂಗುತ್ತದೆ, ಗಾಡಿಯವನ ಗಂಟಲು ಮನೆಗೆ ಹೋಗಿ ಹೆಂಡತಿ ಮಕ್ಕಳ ಜೊತೆ ಮಾತಾಡಲು ಉಳಿಯುತ್ತದೆ.

ಡಬ್ಬ ನಡೆಸುವ ಪ್ರೋಗ್ರಾಮನ್ನು ಬರೆದವಳೂ ಶಿಲ್ಪಶ್ರೀಯೇ. ಮೊದಲು ರೇಡಿಯೋ, ಆಮೇಲೆ ಟಿ.ವಿ., ಆಮೇಲೆ ಮೊಬೈಲು ಬಿಚ್ಚಿ ಬಿಚ್ಚಿ ಕೈ ಪಳಗಿಸಿಕೊಂಡವಳು. ಪ್ರೋಗ್ರಾಮನ್ನೂ ಹಾಗೆಯೇ ಬಿಚ್ಚಿ ನೋಡಿ ಕಲಿತಿದ್ದಳು. ಕೆಟ್ಟ ವಸ್ತು ಸುಳ್ಳು ಹೇಳುವುದಿಲ್ಲ, ಅದನ್ನು ತಂದವರು ಹೇಳಬಹುದು ಎಂಬುದು ಅವಳ ನಂಬಿಕೆ. ಬೀದಿಗೆ ಹೋದ ಅವಳ ಡಬ್ಬ ಒಂದೂ ಇದುವರೆಗೆ ವಾಪಸು ಬಂದಿರಲಿಲ್ಲ.

ಹಾಗಾಗಿ ಅಂದು ಬೆಳಿಗ್ಗೆ ಗಂಡ ಹೆಂಡಿರಿಬ್ಬರು ಬಂದು ಕೂಗಾಡದೆ ಬಾಗಿಲಲ್ಲಿ ನಿಂತಾಗ ಅವಳಿಗೇ ಆಶ್ಚರ್ಯವಾಯಿತು. ಹೆಂಗಸಿನ ಕತ್ತಿಗೆ ಹತ್ತಿಬಟ್ಟೆ ಸುತ್ತಿತ್ತು. ಮಾತಾಡಿದವನು ಗಂಡ.

"ಮೇಡಂ, ನಾನು ಬೋರಣ್ಣ, ಗೂಡ್ಸ್ ಆಟೋ ಓಡುಸ್ತೀನಿ. ಇವ್ಳು ನಮ್ಮನೇವ್ಳು, ಸುಧಾಮಣಿ. ಸೆಕೆಂಡ್ ಫೇಸ್‌ನಾಗೆ ಸೊಪ್ಪಿನ ಗಾಡಿ. ಇವ್ಳಿಗೊಂದು ಡಬ್ಬ ಬೇಕು."

"ಅವ್ರನ್ನೇ ಕರ್ಕೊಂಡ್ ಬಂದಿದೀರಲ್ಲ, ಒಳ್ಳೇದಾಯ್ತು. ಬನ್ನಿ ಸುಧಕ್ಕ, ಮೈಕ್ ಮುಂದೆ ನಿಂತ್ಕೊಳ್ಳಿ."

ಸುಧಾಮಣಿ ಬಾಯಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದಳು.

"ಅದೇ ಫಜೀತಿ," ಎಂದ ಬೋರಣ್ಣ. "ಗಂಟ್ಲಲ್ಲಿ ಗಂಟಾಗಿತ್ತು, ಆಪರೇಷನ್ ಮಾಡೌರೆ. ಯುಗಾದಿ ತನ್ಕ ಕೂಗಂಗಿಲ್ಲ, ಸದ್ಯಕ್ಕೆ ಪಿಸುಮಾತೂ ಆಡಂಗಿಲ್ಲ ಅಂದೌರೆ ಡಾಕ್ಟ್ರು." ಆಮೇಲೆ ದನಿ ತಗ್ಗಿಸಿ, "ಮದ್ವೆ ಆದಾಗ್ನಿಂದ ನಮ್ಮನೇಲಿ ನನ್ ಮಾತು ನಡೀತಿರೋದು ಇದೇ ಮೊದ್ಲು."

ಸುಧಾಮಣಿಯ ಮೊಣಕೈ ಅವನ ಪಕ್ಕೆಗೆ ಬಡಿಯಿತು. ಮಾತು ಹೋದರೂ ಮೊಣಕೈಗೆ ಏನೂ ಆಗಿರಲಿಲ್ಲ.

ವಿಷಯ ಮಾತ್ರ ನಗುವಂಥದ್ದಾಗಿರಲಿಲ್ಲ. ಸುಧಾಮಣಿ ಸೊಪ್ಪು ಮಾರುವ ರಸ್ತೆಯಲ್ಲಿ ಹಳೆಯ ಎರಡು ಮಹಡಿ ಮನೆಗಳೇ ಹೆಚ್ಚು. ಮೇಲಿನವರು ಕೆಳಗೆ ನೋಡುವುದಿಲ್ಲ, ಕಿವಿಯಿಂದಲೇ ಬೀದಿ ಕಾಯುತ್ತಾರೆ. ಸೊಪ್ಪಿನವಳ ಕೂಗು ಕೇಳಿದರೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ. ಕೂಗು ಇಲ್ಲದಿದ್ದರೆ ಗಾಡಿಯೂ ಇಲ್ಲ. ಆಪರೇಷನ್ ಆದ ಮೇಲೆ ಸುಧಾಮಣಿ ತಟ್ಟೆ ಬಡಿದು ನೋಡಿದ್ದಳು. ಕುಲ್ಫಿಯವನು ಬಂದನೆಂದು ಮಕ್ಕಳು ಓಡಿ ಬಂದು, ದಂಟಿನ ಸೊಪ್ಪು ನೋಡಿ ಮುಖ ಸಿಂಡರಿಸಿ ಹೋದವು. ಈ ಸಂದಿನಲ್ಲಿ ತರಕಾರಿ ಆಟೋದ ವೆಂಕಟಸ್ವಾಮಿ ಅದೇ ರಸ್ತೆಗೆ ಬರತೊಡಗಿದ್ದ. ಟೊಮೇಟೊ, ಬೀನ್ಸ್ ಜೊತೆಗೆ ಸೊಪ್ಪನ್ನೂ ಇಟ್ಟಿದ್ದ. ಒಂದು ರಸ್ತೆಯ ಬುಟ್ಟಿಗಳು ಒಮ್ಮೆ ಬೇರೆ ಗಾಡಿಗೆ ಇಳಿದು ರೂಢಿಯಾದರೆ ಯುಗಾದಿಗೆ ಗಂಟಲು ಬಂದೂ ಫಲವಿಲ್ಲ.

"ಆವಯ್ಯನ್ ಆಟೋ ಮ್ಯಾಲಿರೋದೂ ನಿಮ್ ಡಬ್ಬಾನೇ ಮೇಡಂ," ಎಂದ ಬೋರಣ್ಣ. "ಅವ್ನ್ ಬಾಯಿಗೆ ನೀವೇ ಮೈಕ್ ಕೊಟ್ರಿ."

"ಕೊಟ್ಟಿದ್ದೀನಿ. ಇವ್ರಿಗೂ ಕೊಡ್ತೀನಿ," ಎಂದಳು ಶಿಲ್ಪಶ್ರೀ. "ದನಿಗೇನಂತೆ, ನಾನೇ ಕೂಗಿ ತುಂಬಿಸ್ತೀನಿ."

ಸುಧಾಮಣಿ ಕೈಯಾಡಿಸಿದಳು. ತನ್ನ ಗಂಟಲು ಮುಟ್ಟಿ, ಮೇಲೆ ತೋರಿಸಿ, ಹಗ್ಗ ಇಳಿಬಿಡುವಂತೆ ಮಾಡಿದಳು. ಅದು ಬೋರಣ್ಣನ ಅನುವಾದವಿಲ್ಲದೆಯೇ ಅರ್ಥವಾಯಿತು. ಬುಟ್ಟಿ ಇಳಿಯುವುದು ಸೊಪ್ಪು ಎಂಬ ಮಾತಿಗಲ್ಲ, ಇವಳ ದನಿಗೆ.

"ಹಾಗಾದ್ರೆ ನಿಮ್ಮ ಹಳೇ ಕೂಗು ಎಲ್ಲಾದ್ರೂ ರೆಕಾರ್ಡ್ ಆಗಿದ್ಯಾ? ಯಾರ್ದಾದ್ರೂ ಫೋನಲ್ಲಿ?"

"ಹೆಂಡ್ತಿ ಕೂಗೋದ್ನ ಯಾವ್ ಗಂಡ ರೆಕಾರ್ಡ್ ಮಾಡ್ಕಂತಾನೆ ಮೇಡಂ?"

ಸುಧಾಮಣಿ ಅವನನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈ ಸೇರಿಸಿ ತೊಟ್ಟಿಲು ತೂಗಿದಳು.

"ಇನ್ನೊಂದ್ ಮಗು ಬೇಕಂತೆ," ಎಂದ ಬೋರಣ್ಣ.

ಮತ್ತೆ ಮೊಣಕೈ. ಅವಳು ತೊಟ್ಟಿಲು ತೂಗಿ, ಫೋನು ಹಿಡಿದಂತೆ ಮಾಡಿ, ತನ್ನ ಕಿವಿ ಮುಟ್ಟಿ, ಬುಟ್ಟಿಯ ಹಗ್ಗ ಎಳೆದಳು. ಆಗ ಬೋರಣ್ಣನಿಗೆ ಹೊಳೆಯಿತು. "ಓ! ನೀಲಗಂಗಮ್ಮೋರ ಮನೆ ವಿಡಿಯೋ!"

ಅದು ಆ ರಸ್ತೆಯಲ್ಲೆಲ್ಲ ಗೊತ್ತಿದ್ದ ಕಥೆ. ನೀಲಗಂಗಮ್ಮನ ಮೊಮ್ಮಗನಿಗೆ ಹೆಸರಿಡುವ ದಿನ, ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕೆಂದು ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ಸೂಜಿ ಬಿದ್ದರೂ ಕೇಳುವಂಥ ಆ ಗಳಿಗೆಯಲ್ಲಿ, ಸರಿಯಾಗಿ ಕಿಟಕಿಯ ಕೆಳಗಿನಿಂದ, "ಸೊಪ್ಪೋ... ದಂಟು, ಮೆಂತ್ಯ, ಸಬ್ಬಸಿಗೇ..." ಎಂದು ಸುಧಾಮಣಿ ಕೂಗಿದ್ದಳು. ಅಂದಿನಿಂದ ಮಗುವಿಗೆ ರಸ್ತೆಯವರಿಟ್ಟ ಹೆಸರು ಸಬ್ಬಸಿಗೆ. ನೀಲಗಂಗಮ್ಮ ವಾರಗಟ್ಟಲೆ ಸುಧಾಮಣಿಯನ್ನು ಗದರಿಸಿದ್ದರು, ಗದರಿಸುತ್ತಲೇ ಸೊಪ್ಪು ಕೊಂಡಿದ್ದರು.

"ಹಾಳಾದ ವಿಡಿಯೋನೇ ನಮಗೆ ಬೇಕಾಗಿರೋದು," ಎಂದಳು ಶಿಲ್ಪಶ್ರೀ. "ಹೋಗಿ ಇಸ್ಕೊಂಡ್ ಬನ್ನಿ."

ಬೋರಣ್ಣ ಯಾತಕ್ಕೆಂದು ಬಿಡಿಸಿ ಹೇಳದೆಯೇ ಕೇಳಿ, ಮಧ್ಯಾಹ್ನದ ಹೊತ್ತಿಗೆ ವಿಡಿಯೋ ತಂದ. ಶಿಲ್ಪಶ್ರೀ ಫೋನಿನಲ್ಲಿ ಒಮ್ಮೆ ಕೇಳಿದಳು. ಕೂಗು ದೂರದ್ದಾದರೂ ಮನೆಯೊಳಗೆ ಸದ್ದಿಲ್ಲದ್ದರಿಂದ ತೊಳೆದಿಟ್ಟ ಹಾಗಿತ್ತು. ವಿಡಿಯೋದಿಂದ ಸದ್ದನ್ನಷ್ಟೇ ಬೇರ್ಪಡಿಸಿ, ಕೂಗು ಶುರುವಾಗುವಲ್ಲಿಂದ ಆರು ಸೆಕೆಂಡು ಕತ್ತರಿಸಿ, ದನಿ ಏರಿಸಿ, ಡಬ್ಬಕ್ಕೆ ತುಂಬಿ ಗುಂಡಿ ಒತ್ತಿದಳು.

"ಸೊಪ್ಪೋ..." ಎಂದಿತು ಡಬ್ಬ. ಗಿರಣಿಯವನು ಇಣುಕಿ ನೋಡಿದ.

"ನಮ್ಮತ್ತೆ ಕೂಗ್ದಂಗೈತೆ!" ಎಂದು ಬೋರಣ್ಣ ಬೆಚ್ಚಿದವನಂತೆ ಎರಡು ಹೆಜ್ಜೆ ಹಿಂದೆ ಹೋದ.

ಸುಧಾಮಣಿ ಗಂಡನನ್ನು ದುರುಗುಟ್ಟಿ ನೋಡಿದಳು, ಶಿಲ್ಪಶ್ರೀ ನಕ್ಕಳು. ಅತ್ತೆಯ ಮಾತು ತೆಗೆಯದ ಗಂಡಸು ಯಾರಿದ್ದಾನೆ? ಫೋನಿನಲ್ಲಿ ಕೇಳಿದ್ದಕ್ಕಿಂತ ದನಿ ದಪ್ಪಗಿದೆ ಎಂದು ಅವಳಿಗೂ ಅನ್ನಿಸಿತ್ತು. ಫೋನಿನದು ಹುಣಿಸೆಬೀಜದಷ್ಟು ಸ್ಪೀಕರ್, ಇದರದ್ದು ಊಟದ ತಟ್ಟೆಯಷ್ಟು, ದಪ್ಪಗಾಗುವುದೇ ಎಂದುಕೊಂಡಳು. ಸುಧಾಮಣಿಯ ನಿಜವಾದ ಕೂಗನ್ನು ಅವಳು ಕೇಳಿರಲಿಲ್ಲ.

"ಸರೀಗಿದ್ಯಾ ಸುಧಕ್ಕ?"

ಸುಧಾಮಣಿ ಡಬ್ಬವನ್ನೊಮ್ಮೆ ನೋಡಿ ಹೂಂ ಎಂಬಂತೆ ತಲೆಯಾಡಿಸಿದಳು. ತನ್ನ ದನಿಯನ್ನು ಹೊರಗಿನಿಂದ ಕೇಳಿ ಯಾರು ತಾನೆ ಹೌದು ನನ್ನದೇ ಎಂದಾರು? ಯಂತ್ರದಲ್ಲಿ ಬಂದರೆ ಹೀಗೇ ಇರಬೇಕು ಎಂದುಕೊಂಡಳು ಅವಳು.

ಮರುದಿನ ಹತ್ತು ಗಂಟೆಗೇ ಬೋರಣ್ಣನ ಫೋನು ಬಂತು.

"ಮೇಡಂ, ಡಬ್ಬ ಕೂಗ್ತಾ ಐತೆ, ಬುಟ್ಟಿ ಇಳೀತಾ ಇಲ್ಲ. ಒಂದೂ ಇಳೀಲಿಲ್ಲ. ವೆಂಕಟಸ್ವಾಮಿ ಬಂದ, ಅವ್ನಿಗೆ ಇಳೀತು. ಗಾಡಿ ತುಂಬಾ ಸೊಪ್ಪು ಹಂಗೇ ಐತೆ. ಇವ್ಳು ಕಣ್ಣೀರಾಕ್ತಾ ಕೂತೌಳೆ, ನಂಗೆ ಬಯ್ಯಕ್ಕೂ ಆಗ್ದಂಗೆ."

"ಡಬ್ಬ ತನ್ನಿ," ಎಂದಳು ಶಿಲ್ಪಶ್ರೀ.

ವಾಪಸು ಬಂದ ಮೊದಲ ಡಬ್ಬ ಅದು. ಅವಳು ತಪ್ಪನ್ನು ಸ್ಪೀಕರಿನ ಮೇಲೆ ಹಾಕಿದಳು. ಹಳೆಯದನ್ನು ಕಿತ್ತು ಇನ್ನಷ್ಟು ಜೋರಾದ ಸ್ಪೀಕರ್ ಕೂರಿಸಿದಳು, ಬ್ಯಾಟರಿ ಬದಲಿಸಿದಳು. ಆದರೆ ಕೈ ಕೆಲಸ ಮಾಡುತ್ತಿದ್ದರೂ ಮನಸ್ಸು ಒಪ್ಪಲಿಲ್ಲ. ಈಗ ಕಿತ್ತಂಥದ್ದೇ ಸ್ಪೀಕರು ವೆಂಕಟಸ್ವಾಮಿಗೆ ಸಾಕಾಗಿದೆ, ಸುಧಾಮಣಿಗೆ ಸಾಲದೆ? ಊಹೆ ಮೇಲೆ ಸ್ಕ್ರೂ ತಿರುಗಿಸಿದರೆ ಸ್ಕ್ರೂ ಸವೆಯುತ್ತದೆ ಅಷ್ಟೆ. ಮಾರನೇ ಬೆಳಿಗ್ಗೆ ಅವಳು ಶಟರ್ ಎತ್ತದೆ, ಗಾಡಿಯ ಜೊತೆ ತಾನೂ ನಡೆದಳು.

ಬೋರಣ್ಣ ಗಾಡಿ ತಳ್ಳಿದ. ನೀಲಗಂಗಮ್ಮನ ಮನೆಯೆದುರಿನ ಹೊಂಗೆ ಮರದ ಕೆಳಗೆ ಸುಧಾಮಣಿ ಗುಂಡಿ ಒತ್ತಿದಳು. ಡಬ್ಬ ಕೂಗಿತು, ರಸ್ತೆಯ ಆ ತುದಿಯ ನಾಯಿ ಎದ್ದು ನಿಲ್ಲುವಷ್ಟು ಜೋರಾಗಿ ಕೂಗಿತು. ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನೀಲಗಂಗಮ್ಮನ ಕೈ ಒಂದು ಕ್ಷಣ ನಿಂತಿತು. ಕಿವಿಯಿಟ್ಟು ಕೇಳಿದರು. ಮತ್ತೆ ಬಟ್ಟೆ ಕೊಡವತೊಡಗಿದರು. ಬುಟ್ಟಿ ಕಂಬಿಗೆ ನೇತಾಡುತ್ತಲೇ ಇತ್ತು.

ಕೇಳಿಸಿದೆ. ಕೇಳಿಸಿಯೂ ಬರಲಿಲ್ಲ. ಅಲ್ಲಿಗೆ ಸ್ಪೀಕರಿನ ಮಾತು ಮುಗಿಯಿತು.

ಶಿಲ್ಪಶ್ರೀ ಮರದ ಮರೆಯಿಂದ ಈಚೆ ಬಂದಳು. "ಆಂಟೀ, ಸೊಪ್ಪು ಬೇಡ್ವಾ?"

"ಯಾರಮ್ಮಾ ನೀನು? ನಮಗೆ ಖಾಯಂ ಸೊಪ್ಪಿನೋಳಿದ್ದಾಳೆ, ಸುಧಾ ಅಂತ. ಪಾಪ, ಹುಷಾರಿಲ್ಲ ಅವಳಿಗೆ. ಅವಳು ಬರೋವರೆಗೂ ಆಟೋದವನ ಹತ್ರ ತಗೊಳ್ತಿದ್ದೀವಿ."

"ಇದು ಸುಧಕ್ಕನ ಗಾಡೀನೇ ಆಂಟಿ. ಕೂಗಿದ್ದು ಅವ್ರದ್ದೇ ದನಿ. ನೀವು ಕೊಟ್ಟ ವಿಡಿಯೋದ್ದು."

ನೀಲಗಂಗಮ್ಮ ಕಂಬಿ ಹಿಡಿದು ಬಗ್ಗಿದರು, ಸುಧಾಮಣಿಯನ್ನು ಕಂಡರು. "ಅಯ್ಯೋ ಶಿವನೇ, ನೀನೇನೇ! ನಾನು ಯಾರೋ ವಯಸ್ಸಾದೋರು ಅಂದ್ಕೊಂಡೆ ಕಣೆ. ಪಾಪ, ಈ ವಯಸ್ಸಲ್ಲಿ ಯಾಕೆ ಗಾಡಿ ತಳ್ತಾರೋ ಅಂತ. ನಿನ್ನದು ಹಾಗಲ್ಲ, ಎಳೇ ಸೌತೆಕಾಯಿ ಮುರಿದಂಗಿರ್ತಿತ್ತು. ವಿಡಿಯೋದಲ್ಲೂ ಹಾಗೇ ಇದೆ. ಇದ್ಯಾಕೆ ಹೀಗೆ ಜಗ್ಗುತ್ತೆ?"

ವಯಸ್ಸಾದೋರು. ಶಿಲ್ಪಶ್ರೀ ಬೋರಣ್ಣನ ಕಡೆ ತಿರುಗಿದಳು.

"ಬೋರಣ್ಣ, ಮೊನ್ನೆ ಅತ್ತೆ ಥರ ಅಂದ್ರಲ್ಲ, ತಮಾಷೆಗಾ, ನಿಜವಾಗ್ಲಾ?"

ಬೋರಣ್ಣ ಹೆಂಡತಿಯ ಮೊಣಕೈಯಿಂದ ದೂರ ನಿಂತು ಹೇಳಿದ. "ತಮಾಷೆಗೇ ಅಂದಿದ್ದು ಮೇಡಂ. ಆದ್ರೆ ನಿಜ."

"ಸರಿ. ಸಿಕ್ತು," ಎಂದಳು ಅವಳು. ಏನು ಸಿಕ್ಕಿತೆಂದು ಇನ್ನೂ ಪೂರ್ತಿ ಗೊತ್ತಿರಲಿಲ್ಲ. ಎಲ್ಲಿ ಹುಡುಕಬೇಕೆಂದು ಗೊತ್ತಾಗಿತ್ತು, ಮುಕ್ಕಾಲು ರಿಪೇರಿ ಅದೇ.

ಹೊರಡುವಾಗ ನೀಲಗಂಗಮ್ಮ ಮೇಲಿನಿಂದಲೇ ಕೂಗಿ ಹೇಳಿದರು. "ಆ ವಿಡಿಯೋದಲ್ಲಿ ಕೂಗಾದ್ಮೇಲೆ ಯಾರೋ 'ಯಾರೇ ಅದು' ಅಂತ ಗದರ್ತಾರೆ ನೋಡು, ಅದು ನಮ್ಮ ನಾದಿನಿ. ಅವಳ ಗಂಟಲು ಬೀದಿಗೆ ಬರದ ಹಾಗೆ ನೋಡ್ಕೊಳಮ್ಮ!"

ಅಂಗಡಿಗೆ ಬಂದವಳೇ ಶಿಲ್ಪಶ್ರೀ ಒಂದು ಕೈಯಲ್ಲಿ ಬೋರಣ್ಣನ ಫೋನು, ಇನ್ನೊಂದು ಕೈಯಲ್ಲಿ ಡಬ್ಬ ಹಿಡಿದಳು. ಒಂದೇ ಗಾಣಕ್ಕೆ ಕಟ್ಟಿದ ಎತ್ತುಗಳನ್ನು ಹೊರಡಿಸುವ ಹಾಗೆ ಎರಡನ್ನೂ ಒಟ್ಟಿಗೆ ಒತ್ತಿದಳು. "ಸೊಪ್ಪೋ" ಎನ್ನುವಾಗ ಎರಡೂ ಜೊತೆಯಲ್ಲಿದ್ದವು. "ಮೆಂತ್ಯ" ಬರುವಷ್ಟರಲ್ಲಿ ಫೋನು ಮುಂದಾಗಿತ್ತು. ಫೋನಿನಲ್ಲಿ ಸಬ್ಬಸಿಗೆ ಮುಗಿದು ಮಾತು ಶುರುವಾದರೂ ಡಬ್ಬ ಇನ್ನೂ "ಸಿಗೇ..." ಎಂದು ಎಳೆಯುತ್ತಿತ್ತು.

"ನಿಧಾನ ಆಡ್ತಿದೆ," ಎಂದಳು. "ನಿಧಾನ ಆಡಿದ್ರೆ ದನೀನೂ ಇಳಿಯತ್ತೆ. ಅದಕ್ಕೇ ಮುದುಕಿ ಆಗಿರೋದು."

ಬೋರಣ್ಣ ಸ್ಪೀಕರನ್ನು ಅನುಮಾನದಿಂದ ನೋಡಿದ. "ಬ್ಯಾಟ್ರಿ ವೀಕಾ?"

"ಇಲ್ಲ. ಅಳತೆ ತಪ್ಪು."

ಅವಳು ಫೈಲು ತೆರೆದು ನೋಡಿದಳು. ರೆಕಾರ್ಡಾದ ಸದ್ದೆಂದರೆ ಅಕ್ಕಿಕಾಳಿನ ಹಾಗೆ ಸಣ್ಣ ಸಣ್ಣ ಚೂರು. ಒಂದು ಸೆಕೆಂಡಿಗೆ ಇಷ್ಟು ಸಾವಿರ ಚೂರು ಎಂದು ಲೆಕ್ಕ. ಇಷ್ಟು ಎಂಬುದನ್ನು ಫೈಲಿನ ತಲೆಯಲ್ಲೇ, ಮೂಟೆಗೆ ಚೀಟಿ ಹೊಲಿದ ಹಾಗೆ, ಬರೆದಿರುತ್ತಾರೆ. ಫೋನು ಮಾಡಿದ ಫೈಲಿನ ಚೀಟಿಯಲ್ಲಿ ಸೆಕೆಂಡಿಗೆ ನಲವತ್ತೆಂಟು ಸಾವಿರ ಎಂದಿತ್ತು. ಅವಳ ಅಂಗಡಿಯ ಮೈಕು ಕೊಡುವುದು ನಲವತ್ತನಾಲ್ಕು ಸಾವಿರದ ನೂರು. ಇದುವರೆಗೆ ಎಲ್ಲ ದನಿಯೂ ಆ ಮೈಕಿನಿಂದಲೇ ಬಂದಿದ್ದರಿಂದ, ಚೀಟಿ ಓದುವ ಗೋಜಿಗೆ ಹೋಗದೆ ಪ್ರೋಗ್ರಾಮಿನಲ್ಲಿ ಆ ಸಂಖ್ಯೆಯನ್ನೇ ಅವಳು ಬರೆದುಬಿಟ್ಟಿದ್ದಳು. ಫೋನಿನವರು ಒಂದು ಸೆಕೆಂಡಿಗೆಂದು ತುಂಬಿದ್ದನ್ನು ಡಬ್ಬ ಒಂದು ಸೆಕೆಂಡಿನಲ್ಲಿ ಬಡಿಸಿ ಮುಗಿಸುತ್ತಿರಲಿಲ್ಲ, ಮುಂದಿನದಕ್ಕೆ ಎಳೆಯುತ್ತಿತ್ತು.

ತಿಪಟೂರಿನಲ್ಲಿ ಅವಳ ಅಪ್ಪನದು ದಿನಸಿ ಅಂಗಡಿ. ಹೊರಗಿನ ಮಾಲು ಬಂದಾಗ ಅವರು ಮೊದಲು ಕೇಳುತ್ತಿದ್ದದ್ದು ಬೆಲೆಯಲ್ಲ, "ಯಾವ ಸೇರಲ್ಲಿ ಅಳೆದಿದ್ದೀರಿ?" ಎಂದು. ತನ್ನ ಸೇರೇ ಜಗತ್ತಿನ ಸೇರೆಂದುಕೊಂಡ ವ್ಯಾಪಾರಿ ಒಂದಲ್ಲ ಒಂದು ದಿನ ಸಂತೆಯಲ್ಲಿ ನಗೆಪಾಟಲಾಗುತ್ತಾನೆ. ಶಿಲ್ಪಶ್ರೀಗೆ ತನ್ನ ಮೇಲೆ ನಗು ಬಂತು.

"ತಪ್ಪು ನಂದೇ ಸುಧಕ್ಕ," ಎಂದಳು. "ಫೋನಿನ ಮಾಲನ್ನ ನಮ್ಮನೆ ಸೇರಲ್ಲಿ ಅಳೆದೆ. ಒಂದು ಟೀ ಕುಡಿಯೋಷ್ಟರಲ್ಲಿ ಸರಿ ಮಾಡ್ತೀನಿ."

ಬರೆದಿದ್ದ ಸಂಖ್ಯೆ ಅಳಿಸಿ, ಫೈಲಿನ ತಲೆ ಓದಿ ಅಲ್ಲಿರುವ ಅಳತೆಯನ್ನೇ ತೆಗೆದುಕೋ ಎಂದು ಪ್ರೋಗ್ರಾಮಿಗೆ ಹೇಳಿದಳು. ಮತ್ತೆ ವಿಡಿಯೋದ ಸದ್ದಿನಿಂದ ಆರು ಸೆಕೆಂಡು ಕತ್ತರಿಸಿ ತುಂಬಿ, ಫೋನು ಡಬ್ಬ ಎರಡನ್ನೂ ಒಟ್ಟಿಗೆ ಒತ್ತಿದಳು.

ಈ ಸಲ ಎರಡೂ ಜೊತೆಯಾಗಿ ನಡೆದವು. "ಸೊಪ್ಪೋ... ದಂಟು, ಮೆಂತ್ಯ, ಸಬ್ಬಸಿಗೇ..." ದನಿ ಮೇಲಕ್ಕೆ ಹೋಗಿ, ಕೊನೆಯಲ್ಲಿ ಒಂದಿಷ್ಟು ಬಾಗಿ ನಿಂತಿತು. ಬೋರಣ್ಣ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟ. ಎಷ್ಟೋ ವಾರಗಳ ಮೇಲೆ ಹೆಂಡತಿಯ ದನಿಯನ್ನು ಪೂರ್ತಿ ಗಂಟಲಲ್ಲಿ ಕೇಳಿದ್ದ.

"ಇದು ಇವ್ಳು," ಎಂದ ಮೆಲ್ಲಗೆ. "ಇದು ಇವ್ಳೇ."

ಅಷ್ಟರಲ್ಲಿ ಡಬ್ಬದಿಂದ ಇನ್ನೊಂದು ದನಿ ಬಂತು. "ಯಾರೇ!" ಎಂದು ಗದರಿ, ಅಲ್ಲಿಗೇ ತುಂಡಾಯಿತು.

ಶಿಲ್ಪಶ್ರೀಗೆ ಕಾರಣ ತಕ್ಷಣ ಹೊಳೆಯಿತು. ಮೊದಲು ಆರು ಸೆಕೆಂಡು ಕತ್ತರಿಸಿದ್ದೂ ಅದೇ ತಪ್ಪು ಸೇರಿನಲ್ಲಿ. ಅರ್ಧ ಸೆಕೆಂಡಿನಷ್ಟು ಕಡಿಮೆ ಬಂದಿತ್ತು. ಈಗ ಅಳತೆ ಸರಿಹೋಗಿ, ಆ ಅರ್ಧ ಸೆಕೆಂಡಿನ ಗದರಿಕೆಯೂ ಒಳಗೆ ಬಂದಿತ್ತು. ಅವಳು ಮತ್ತೊಮ್ಮೆ ಒತ್ತಿ ಕೇಳಿದಳು. ಬೆಳಿಗ್ಗೆ ತಾನೆ ಬಾಲ್ಕನಿಯಿಂದ ಕೇಳಿದ್ದ ದನಿ.

"ಇದು ನಾದಿನಿ ಅಲ್ವಲ್ಲ ಸುಧಕ್ಕ! ನೀಲಗಂಗಮ್ಮ ಆಂಟೀನೇ ಅಲ್ವಾ?"

ಸುಧಾಮಣಿ ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ ಮೈಯೆಲ್ಲ ಕುಲುಕುವಂತೆ ನಗುತ್ತಿದ್ದಳು. ಹೌದು ಹೌದು ಎಂದು ತಲೆಯಾಡಿಸಿದಳು.

"ಇರಿ, ಅದನ್ನ ಕತ್ತರಿಸ್ತೀನಿ."

ಸುಧಾಮಣಿ ಅವಳ ಕೈ ಹಿಡಿದಳು. ಬೇಡ. ಡಬ್ಬ ತೋರಿಸಿ, ಮೇಲೆ ತೋರಿಸಿ, ರಸ್ತೆಯುದ್ದಕ್ಕೂ ಕೈ ಬೀಸಿದಳು. ಬೋರಣ್ಣ ಈ ಸಲ ಸರಿಯಾಗಿ ಅನುವಾದ ಮಾಡಿದ. "ಇರ್ಲಿ ಬಿಡಿ ಅಂತಾವ್ಳೆ ಮೇಡಂ. ದಿನಾ ಇವ್ಳು ಕೂಗೋದು, ಗೊತ್ತಿದ್ರೂ ಆವಮ್ಮ 'ಯಾರೇ' ಅನ್ನೋದು, ಆಮ್ಯಾಕೇ ಮಿಕ್ಕಿದ್ ಮನೆಯೋರು ಬಾಗ್ಲು ತೆಗಿಯೋದು. ಅದೂ ಸೇರಿದ್ರೇನೇ ನಮ್ ರೋಡು."

ಮರುದಿನ ಬೆಳಿಗ್ಗೆಯೂ ಶಿಲ್ಪಶ್ರೀ ಶಟರ್ ಎತ್ತಲಿಲ್ಲ. ತಾನು ಸರಿ ಮಾಡಿದ್ದು ಸರಿಯಾಗಿದೆ ಎಂದು ಅವಳಿಗೆ ಅನುಮಾನವಿರಲಿಲ್ಲ, ಆದರೂ ಕಣ್ಣಿಂದ ನೋಡುವುದರ ರುಚಿಯೇ ಬೇರೆ. ವೆಂಕಟಸ್ವಾಮಿಯ ಆಟೋ ಆಗಲೇ ರಸ್ತೆಯ ಮೇಲಿನ ತಿರುವಿನಲ್ಲಿತ್ತು, "ಟೊಮೇಟೊ, ಬೀನ್ಸ್" ಎಂದು ಅವಳ ಇನ್ನೊಂದು ಡಬ್ಬದಲ್ಲಿ ಕೂಗುತ್ತಿತ್ತು. ಸುಧಾಮಣಿ ಹೊಂಗೆ ಮರದವರೆಗೂ ಹೋಗಲಿಲ್ಲ. ರಸ್ತೆಯ ಬಾಯಲ್ಲೇ, ಯಾವ ಬಾಲ್ಕನಿಯಿಂದಲೂ ಗಾಡಿ ಕಾಣದ ಜಾಗದಲ್ಲಿ ನಿಂತು ಗುಂಡಿ ಒತ್ತಿದಳು.

"ಸೊಪ್ಪೋ... ದಂಟು, ಮೆಂತ್ಯ, ಸಬ್ಬಸಿಗೇ... ಯಾರೇ!"

ಮೊದಲು ಒಂದು ಕಿಟಕಿ ತೆರೆಯಿತು. ಆಮೇಲೆ ನೀಲಗಂಗಮ್ಮನ ಬಾಲ್ಕನಿಯ ಕಂಬಿಯ ಮೇಲಿನಿಂದ, ಮುಖ ಕಾಣುವ ಮೊದಲೇ, ಬುಟ್ಟಿ ಇಳಿಯತೊಡಗಿತು. ಖಾಲಿ ರಸ್ತೆಗೆ ಇಳಿಯಿತು, ನೆಲದಿಂದ ಗೇಣು ಮೇಲೆ ನಿಂತು ತೂಗಿತು. ಎದುರು ಮನೆಯಿಂದ ಇನ್ನೊಂದು ಬುಟ್ಟಿ. ಅದರ ಪಕ್ಕದ ಮನೆಯ ಹೆಂಗಸು ಚಪ್ಪಲಿ ಹುಡುಕುತ್ತ ಗೇಟಿಗೆ ಬಂದಳು. ಬೋರಣ್ಣ ಗಾಡಿಯನ್ನು ಓಡಿಸಿಕೊಂಡೇ ಹೋದ.

"ಹಾಂ! ಇದು ನಮ್ಮ ಸುಧಾ!" ನೀಲಗಂಗಮ್ಮ ಕಂಬಿಯ ಮೇಲೆ ಬಾಗಿದರು. "ದಂಟು ಎರಡು ಹಾಕೇ. ಅಲ್ಲಮ್ಮಾ ಡಬ್ಬದೋಳೇ, ನಾನು ಹೇಳಿದ್ನಲ್ಲ, ನಮ್ಮ ನಾದಿನಿ ಗಂಟಲು ಉಳಿಸಿಬಿಟ್ಟಿದ್ದೀಯಲ್ಲ! ಕೇಳಿದ್ಯಾ, ಎಂಥಾ ಒರಟು! ಬೀದಿ ಮಕ್ಕಳು ಹೆದರ್ಕೊಳ್ತವೆ."

ಬೋರಣ್ಣ ಬಾಯಿ ತೆರೆದ. ಸುಧಾಮಣಿಯ ಮೊಣಕೈ ಸಮಯಕ್ಕೆ ಸರಿಯಾಗಿ ಬಂತು.

"ಹೌದು ಆಂಟಿ, ಸ್ವಲ್ಪ ಒರಟೇ," ಎಂದಳು ಶಿಲ್ಪಶ್ರೀ. "ಯುಗಾದಿವರೆಗೂ ಸಹಿಸ್ಕೊಳ್ಳಿ."

ಸುಧಾಮಣಿ ಬುಟ್ಟಿಗೆ ದಂಟು ಹಾಕಿದಳು. ಕೇಳದಿದ್ದರೂ ಒಂದು ಕಟ್ಟು ಸಬ್ಬಸಿಗೆಯನ್ನೂ ಇಟ್ಟು, ಹಗ್ಗವನ್ನು ಎರಡು ಸಲ ಜಗ್ಗಿದಳು. ಬುಟ್ಟಿ ಮೇಲೇರಿತು. ಅದು ಕಂಬಿ ಮುಟ್ಟುವ ಮೊದಲೇ ಅವಳು ಮುಂದಿನ ಮನೆಗಳಿಗಾಗಿ ಗುಂಡಿ ಒತ್ತಿದ್ದಳು.